ಕೆಸರೂರಿನ ದೆವ್ವಕ್ಕೆ ಬಾಯಿ ಎಷ್ಟು?

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಪರಿಸರದ ಕಾದಂಬರಿ ಎಂದು ಓದಿದ್ದೇವೆ, ಕೋಮುದ್ವೇಷದ ಕಾದಂಬರಿ ಎಂದು ಓದಿದ್ದೇವೆ, ಕಾಲೇಜು ಹುಡುಗರ ಕ್ರಾಂತಿಯ ಹುಮ್ಮಸ್ಸನ್ನು ಗೇಲಿ ಮಾಡುವ ಕಾದಂಬರಿ ಎಂದೂ ಓದಿದ್ದೇವೆ. ಎಂ.ಎ. ಉತ್ತರಪತ್ರಿಕೆಗಳಲ್ಲಿ ಈ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಯಾವುದೂ ತಪ್ಪಲ್ಲ. ಆದರೆ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡವರು ರಾತ್ರಿ ಹನ್ನೆರಡರವರೆಗೆ ಪುಟ ತಿರುಗಿಸುವುದು ಪರಿಸರಕ್ಕಾಗಿ ಅಲ್ಲ. ಏಲಕ್ಕಿ ಸಂಶೋಧನೆಯಲ್ಲಿದ್ದ ಜೋಗಿಹಾಳ್ ಎಂಬ ವಿಜ್ಞಾನಿಯ ಸಾವು ಅನುಮಾನಾಸ್ಪದವಾಗಿದೆ. ಅದನ್ನು ಕೆದಕಲು ಅಂಗಡಿ ಎಂಬ ಗುಪ್ತಚರ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಕೃಷ್ಣೇಗೌಡರ ಮನೆಯ ಮೇಲೆ ಕಲ್ಲು ಬೀಳುತ್ತದೆ. ರಫಿ ಎಂಬ ಹುಡುಗನಿಗೂ ಜಯಂತಿ ಎಂಬ ಹುಡುಗಿಗೂ ಪ್ರೀತಿಯಾಗುತ್ತದೆ. ಕೊಲೆಯ ಶಂಕೆ, ದೆವ್ವ, ಪತ್ತೇದಾರ, ಪ್ರೇಮ: ಬಾಡಿಗೆ ಲೈಬ್ರರಿಯ ಕಾದಂಬರಿಗೆ ಬೇಕಾದ ಸಾಮಾನೆಲ್ಲ ಇಲ್ಲಿದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ನಾವು ಈ ಸಾಮಾನನ್ನು ನೋಡಿಯೂ ನೋಡದಂತೆ ಇದ್ದುಬಿಟ್ಟೆವೇನೋ. ಪ್ರಶಸ್ತಿ ಪಡೆದ ಕಾದಂಬರಿಯಲ್ಲಿ ದೆವ್ವದ ಕಾಟವನ್ನು ಗಂಭೀರವಾಗಿ ಚರ್ಚಿಸುವುದಕ್ಕೆ ವಿಮರ್ಶಕರಿಗೆ ಸ್ವಲ್ಪ ಸಂಕೋಚ.

ಆ ಸಂಕೋಚ ತೇಜಸ್ವಿಯವರಿಗೆ ಇರಲಿಲ್ಲ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದವರು ಅವರು, ಹಾರುವ ತಟ್ಟೆಗಳ ಬಗ್ಗೆ ಪುಸ್ತಕ ಬರೆದವರೂ ಅವರೇ. ವಿವರಣೆಗೆ ಸಿಗದ ಸಂಗತಿ ಎದುರಾದರೆ ಅವರು ಮೂಗು ಮುರಿಯುತ್ತಿರಲಿಲ್ಲ, ಕೈ ಮುಗಿಯುತ್ತಲೂ ಇರಲಿಲ್ಲ. ಕುತೂಹಲದಿಂದ ಹತ್ತಿರ ಹೋಗಿ ನೋಡುತ್ತಿದ್ದರು.

ಕನ್ನಡದ ಪತ್ತೇದಾರಿ ಪರಂಪರೆಯನ್ನು ಇಲ್ಲಿ ನೆನೆಯಬೇಕು. ನಾಲ್ಕನೇ ತರಗತಿವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐವತ್ತರ ದಶಕದಿಂದ ನೂರಾರು ಕಾದಂಬರಿಗಳನ್ನು ಬರೆದು, ಸಾವಿರಾರು ಜನರಿಗೆ ಕನ್ನಡ ಓದುವ ಚಟ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನಂಥ ನಾಯಕನ ಜಗತ್ತಿನಲ್ಲಿ ಓದುಗನಿಗೆ ಒಂದು ಭರವಸೆ ಇರುತ್ತದೆ. ಎಷ್ಟೇ ಕತ್ತಲಿದ್ದರೂ ಕೊನೆಯಲ್ಲಿ ಒಬ್ಬ ಜಾಣ ಬಂದು ದೀಪ ಹಚ್ಚುತ್ತಾನೆ, ಕಳ್ಳನ ಮುಖ ಕಾಣುತ್ತದೆ. ಈ ಬಗೆಯ ಕಥೆಯಲ್ಲಿ ದೆವ್ವ ಬಂದರೆ ಅದು ಬಿಳಿ ಬಟ್ಟೆ ಹೊದ್ದ ಮನುಷ್ಯನೇ ಆಗಿರಬೇಕು. ದೆವ್ವದ ಭಯ ಹುಟ್ಟಿಸಿದವನಿಗೇ ಅದರಿಂದ ಲಾಭವೂ ಇರಬೇಕು.

ತೇಜಸ್ವಿ ಈ ಭರವಸೆಯನ್ನು ಬೇಕೆಂದೇ ಎತ್ತಿಕೊಂಡು, ಬೇಕೆಂದೇ ಕೈಬಿಡುತ್ತಾರೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ‘ನಡೆದದ್ದು ಹೀಗೆ’ ಎಂದು ಬಿಡಿಸಿ ಹೇಳುವ ಪತ್ತೇದಾರ ಇಲ್ಲಿಲ್ಲ. ಅಂಗಡಿ ದಡ್ಡನೇನಲ್ಲ. ಆದರೆ ಅವನು ಹುಡುಕುತ್ತಿರುವುದು ಒಬ್ಬ ಅಪರಾಧಿಯನ್ನು. ಏಲಕ್ಕಿಯ ಇಳುವರಿ ಕುಸಿತ, ಸುಲೇಮಾನ್ ಬ್ಯಾರಿಯ ವ್ಯವಹಾರ, ಕಾಡಿನ ನಾಶ, ಮನೆಮನೆಗೆ ಹಬ್ಬುತ್ತಿರುವ ಧರ್ಮದ ಅಮಲು, ಯಾವ ಎಳೆ ಎಳೆದರೂ ಇನ್ನೊಂದು ಎಳೆ ಬಿಗಿಯಾಗುತ್ತದೆ. ಫೈಲಿನಲ್ಲಿ ಒಂದು ಹೆಸರು ಬರೆಯಬೇಕಾದ ಕಡೆ ಇಡೀ ಊರನ್ನು ಬರೆಯಲು ಅವನ ಇಲಾಖೆಯಲ್ಲಿ ನಮೂನೆ ಇಲ್ಲ.

ಶೀರ್ಷಿಕೆಯೇ ಇದನ್ನು ಹೇಳಿಬಿಟ್ಟಿದೆ. ತಮಿಳುನಾಡಿನ ಚಿದಂಬರದ ದೇಗುಲದಲ್ಲಿ ನಟರಾಜನ ಪಕ್ಕದಲ್ಲೊಂದು ತೆರೆ ಇದೆ. ತೆರೆ ಸರಿಸಿದರೆ ಅಲ್ಲಿ ಮೂರ್ತಿಯಿಲ್ಲ, ಚಿನ್ನದ ಬಿಲ್ವದೆಲೆಗಳ ಸರಗಳು ತೂಗುತ್ತವೆ, ಹಿಂದೆ ಬರೀ ಬಯಲು. ಭಕ್ತರಿಗೆ ಅದು ಆಕಾಶಲಿಂಗ. ಬಯಲನ್ನು ಬಯಲೆಂದೇ ತಿಳಿದು ಕೈಮುಗಿಯುವುದು ಅಲ್ಲಿಯ ದೊಡ್ಡತನ. ಕೆಸರೂರಿನ ಜನರಿಗೆ ಆ ತಾಳ್ಮೆ ಇಲ್ಲ. ತೆರೆಯ ಹಿಂದೆ ಏನೂ ಕಾಣದಿದ್ದರೆ ಅವರು ತಮಗೆ ಬೇಕಾದ್ದನ್ನು ತಂದು ಅಲ್ಲಿ ಕೂರಿಸುತ್ತಾರೆ. ಕೆಲವರು ದೆವ್ವವನ್ನು, ಕೆಲವರು ಶತ್ರುವನ್ನು.

ಕಲ್ಲು ಬೀಳುವ ಪ್ರಸಂಗವನ್ನು ನಾನು ಓದುವುದು ಹೀಗೆ. ಮನೆಯ ಮೇಲೆ ಕಲ್ಲು ಬೀಳುವುದು, ಇದ್ದಕ್ಕಿದ್ದಂತೆ ಬಟ್ಟೆಗೆ ಬೆಂಕಿ ಹತ್ತುವುದು ನಮ್ಮ ನಾಡಿನಲ್ಲಿ ಹೊಸ ಸುದ್ದಿಯಲ್ಲ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಭಾನಾಮತಿ ಎನ್ನುತ್ತಾರೆ. ಈ ಕಾದಂಬರಿಗೆ ಸುಮಾರು ಹತ್ತು ವರ್ಷ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಕೇರಳ ಮೂಲದ ಅಬ್ರಹಾಂ ಕೋವೂರರು ಇಂಥ ಮನೆಗಳಿಗೆ ಹೋಗಿ, ಎಷ್ಟೋ ಸಲ ಮನೆಯವರಲ್ಲೇ ಯಾರೋ ನೊಂದವರು ಕಲ್ಲಿನ ಹಿಂದೆ ಇರುವುದನ್ನು ಕಂಡುಹಿಡಿದಿದ್ದರು. ವಿಚಾರವಾದದ ಈ ದೊಡ್ಡ ಕೆಲಸದ ಬಗ್ಗೆ ನನಗೆ ಗೌರವವಿದೆ. ಅದರ ಪ್ರಶ್ನೆ ಒಂದೇ: ಕಲ್ಲು ಎಸೆದ ಕೈ ಯಾವುದು?

ಕಾದಂಬರಿಯ ಆಸಕ್ತಿ ಕೈಗಿಂತ ಬಾಯಿಯ ಮೇಲಿದೆ. ಕಲ್ಲು ಬಿದ್ದ ಮೇಲೆ ಊರು ಏನೇನು ಮಾತಾಡಿತು, ಆ ಮಾತು ಎಷ್ಟು ಬೇಗ ಪುರಾವೆಯಾಯಿತು, ಪುರಾವೆ ಹೇಗೆ ಸೇಡಾಯಿತು. ಗಾಳಿಮಾತಿಗೆ ಒಡೆಯನಿಲ್ಲ. ಹುಟ್ಟಿಸಿದವರು ಯಾರೆಂದು ಗೊತ್ತಿಲ್ಲ, ಆದರೆ ಅದರ ಪೆಟ್ಟು ಎಲ್ಲರ ಮೈಮೇಲೂ ಬೀಳುತ್ತದೆ. ದೆವ್ವದ ಲಕ್ಷಣವೂ ಇದೇ ಅಲ್ಲವೆ? ಕೆಸರೂರಿನಲ್ಲಿ ಅತಿಮಾನುಷವಾದದ್ದು ಏನಾದರೂ ಇದ್ದರೆ ಅದು ಈ ಮಾತು. ಅದನ್ನು ಹಿಡಿಯಲು ಅಂಗಡಿಯ ಬಳಿ ಬೇಡಿ ಇಲ್ಲ, ವಿಚಾರವಾದಿಯ ಬಳಿ ಪರೀಕ್ಷೆ ಇಲ್ಲ. ಮಾಟದ ಹೆಸರಿನ ಕ್ರೌರ್ಯಗಳನ್ನು ತಡೆಯಲು ಕರ್ನಾಟಕ ಮಾಡಿದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಅದು ಕೈಯನ್ನು ಹಿಡಿಯಬಲ್ಲದು. ಮೊಬೈಲಿನಲ್ಲಿ ಮಧ್ಯರಾತ್ರಿ ದಾಟಿ ಬರುವ ಒಡೆಯನಿಲ್ಲದ ಸುದ್ದಿಯನ್ನು ಏನು ಮಾಡುತ್ತದೆ?

ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳ ಜೊತೆ ಈ ಕಾದಂಬರಿ ಓದುವಾಗ ಒಬ್ಬ ಹುಡುಗ, ‘ಇಷ್ಟೆಲ್ಲ ಓದ್ಸಿ ಕೊನಿಗೆ ಆ ಸಿಐಡಿ ಏನ್ ಹಿಡದ್ನಕ್ಕಾ?’ ಎಂದು ಕೇಳಿದ. ಕ್ಲಾಸು ನಕ್ಕಿತು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ರಹಸ್ಯ ತೋರಿಸಿ ಉತ್ತರ ಕೊಡದ ಲೇಖಕ ಓದುಗನಿಗೆ ಮೋಸ ಮಾಡಿದನೇ? ಬೇರೆ ಕಾದಂಬರಿಯಾಗಿದ್ದರೆ ಹೌದೆನ್ನುತ್ತಿದ್ದೆ. ಇಲ್ಲಿ ಉತ್ತರಕ್ಕಾಗಿ ಹಪಹಪಿಸುವ ನಮ್ಮ ಆಸೆಯನ್ನೇ ತೇಜಸ್ವಿ ಕೆಸರೂರಿನ ಜನರಲ್ಲೂ ಇಟ್ಟಿದ್ದಾರೆ. ಬೇಗ ಒಂದು ಹೆಸರು ಸಿಕ್ಕರೆ ಸಾಕು ಎನ್ನುವ ಆತುರ ಓದುಗನಲ್ಲಿದ್ದರೆ ಬೇಸರವಾಗುತ್ತದೆ, ಊರಿನಲ್ಲಿದ್ದರೆ ಬೆಂಕಿ ಬೀಳುತ್ತದೆ.

ಹಾಗಂತ ಕಾದಂಬರಿ ಮುಖ ಗಂಟಿಕ್ಕಿಕೊಂಡು ಕೂತಿಲ್ಲ. ಪುಟಪುಟಕ್ಕೂ ನಗು. ನಮ್ಮ ಊರಿನವರಿಗೆ ಕಂಪನಿ ನಾಟಕದ ರುಚಿ ಗೊತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆನಪು ದಾವಣಗೆರೆಯಲ್ಲಿ ಇನ್ನೂ ಹಸಿಯಾಗಿದೆ. ಕಂಪನಿ ನಾಟಕದಲ್ಲಿ ಮುಖ್ಯ ಕಥೆ ಬಿಗಿಯಾದಾಗ ಹಾಸ್ಯದ ಪಾತ್ರಗಳು ಬಂದು ನಗಿಸಿ ಹೋಗುತ್ತವೆ, ಮತ್ತೆ ಕಥೆ ಮುಂದುವರಿಯುತ್ತದೆ. ತೇಜಸ್ವಿಯಲ್ಲಿ ಹಾಸ್ಯದವರು ಒಳಗೆ ಹೋಗುವುದೇ ಇಲ್ಲ. ನಕ್ಕ ಮಾತೇ ನಾಲ್ಕು ಅಧ್ಯಾಯದ ನಂತರ ಯಾರದೋ ಬದುಕಿಗೆ ಎರವಾಗುತ್ತದೆ. ಆದರೆ ಒಂದು ತಕರಾರು: ಕಾಲೇಜಿನ ಕ್ರಾಂತಿಕಾರಿ ಹುಡುಗರನ್ನು ಲೇಖಕರು ಬಹಳ ಸಲೀಸಾಗಿ ನಗೆಪಾಟಲು ಮಾಡುತ್ತಾರೆ. ಜಾತಿಯ ಅವಮಾನ ಉಂಡು ಸಿಟ್ಟಾದವನ ಆವೇಶವೂ, ಪುಸ್ತಕ ಓದಿ ಸಿಟ್ಟಾದವನ ಆವೇಶವೂ ಒಂದೇ ತಕ್ಕಡಿಗೆ ಬೀಳುವ ಕಡೆ ನಗು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಇನ್ನು ಪ್ರೇಮ. ರಫಿ ಮತ್ತು ಜಯಂತಿಯರ ಸಂಬಂಧವನ್ನು ‘ಸೌಹಾರ್ದದ ಸಂಕೇತ’ ಎಂದು ಬರೆದು ಮುಗಿಸುವುದು ರೂಢಿ. ಇಬ್ಬರು ಹರೆಯದವರನ್ನು ಸಂಕೇತ ಮಾಡುವುದು ಅವರಿಗೆ ಮಾಡುವ ಅನ್ಯಾಯ. ಅವರು ಸೌಹಾರ್ದಕ್ಕಾಗಿ ಪ್ರೀತಿಸಿದವರಲ್ಲ. ಹರಿಹರದ ಸ್ಥಳಪುರಾಣವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು. ಒಳ್ಳೆಯ ಪತ್ತೇದಾರಿ ಕಥೆಯಂತೆ ವರದಲ್ಲೊಂದು ಸಂದಿಯೂ ಇತ್ತು. ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಹೊಯ್ಸಳರ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ತುಂಗಭದ್ರೆಯ ದಂಡೆಯಲ್ಲಿ ಕಟ್ಟಿಸಿದ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ ಒಂದೇ ಮೂರ್ತಿಯಾಗಿ ಇಂದಿಗೂ ನಿಂತಿದ್ದಾರೆ. ನಾಡು ಹೆಮ್ಮೆಪಡುವ ಸಮನ್ವಯ ಅದು. ಆದರೂ ಆ ಕಥೆಯಲ್ಲಿ ಇಬ್ಬರು ಒಂದಾಗಲು ಕೊಲ್ಲಬೇಕಾದ ಮೂರನೆಯವನೊಬ್ಬ ಬೇಕಾಯಿತು. ರಫಿ, ಜಯಂತಿಗೆ ಯಾವ ಅಸುರನೂ ಬೇಕಾಗಿಲ್ಲ. ಅದಕ್ಕೇ ಕೆಸರೂರಿಗೆ ಅವರನ್ನು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ.

ಜಯಂತಿಯ ಮನಸ್ಸಿನೊಳಗೆ ತೇಜಸ್ವಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಎಂದು ಪ್ರತಿ ಓದಿನಲ್ಲೂ ಅನ್ನಿಸಿದೆ. ಕಲ್ಲು ಬೀಳುವುದು ಅವಳ ಮನೆಯ ಮೇಲೆ, ಮಾತು ಬೀಳುವುದು ಅವಳ ಹೆಸರಿನ ಮೇಲೆ. ಆದರೂ ಊರಿನ ಗಂಡಸರು ದೆವ್ವದ ಬಗ್ಗೆ ಆಡಿದಷ್ಟು ಮಾತನ್ನು ಅವಳು ತನ್ನ ಬಗ್ಗೆ ಆಡುವುದಿಲ್ಲ. ಪತ್ತೇದಾರಿ ಕಾದಂಬರಿಗಳಲ್ಲಿ ನಾಯಕಿಗೆ ಹೀಗೆ ಆಗುವುದು ಮಾಮೂಲಿ. ಈ ಕಾದಂಬರಿ ಆ ಮಾದರಿಯ ಉಳಿದೆಲ್ಲ ಕಟ್ಟುಗಳನ್ನು ಬಿಚ್ಚಿ ಇದೊಂದನ್ನು ಹಾಗೇ ಬಿಟ್ಟಿದೆ.

ಕಥೆಯುದ್ದಕ್ಕೂ ಕೆಸರೂರಿನ ಸುತ್ತ ಲಂಟಾನ ಬೆಳೆಯುತ್ತಲೇ ಇರುತ್ತದೆ. ಅಮೆರಿಕ ಖಂಡದಿಂದ ಚಂದಕ್ಕೆಂದು ಈ ದೇಶಕ್ಕೆ ತಂದ ಗಿಡ ಅದು. ಯಾರೂ ನೆಡುವುದಿಲ್ಲ, ಯಾರೂ ಕೀಳುವುದೂ ಇಲ್ಲ. ಮೊದಲ ಓದಿನಲ್ಲಿ ಅದು ಮಲೆನಾಡಿನ ವರ್ಣನೆಯಂತೆ ಕಂಡು ಪುಟ ಹಾರಿಸುವವರೇ ಹೆಚ್ಚು. ದೆವ್ವ, ಕೊಲೆ, ಕ್ರಾಂತಿ ಎಂದು ಊರು ತನ್ನೊಳಗಿನ ಸುಳಿವುಗಳನ್ನೇ ಹುಡುಕುತ್ತಿರುವಾಗ ಅತಿ ದೊಡ್ಡ ಸುಳಿವು ಬೇಲಿಯ ಪಕ್ಕದಲ್ಲೇ ಒಣಗುತ್ತ ನಿಂತಿರುತ್ತದೆ. ಎರಡನೇ ಸಲ ಓದುವವರು ಆ ಪುಟಗಳನ್ನು ನಿಧಾನವಾಗಿ ಓದಬೇಕು.