ತಿಂಡಿ ಬೀದಿಯ ಸಂಜೆ

ಬೆಂಗಳೂರಿನ ರಾತ್ರಿ ಎಂದರೆ ಇಂದಿರಾನಗರದ ಪಬ್ಬುಗಳೇ ಎನ್ನುವವರನ್ನು ಒಮ್ಮೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಕರೆದೊಯ್ಯಬೇಕು. ಸಜ್ಜನ್‌ರಾವ್ ವೃತ್ತದ ಪಕ್ಕದ ಈ ಪುಟ್ಟ ಬೀದಿ ಹಗಲಿಡೀ ತೂಕಡಿಸಿ, ದೀಪ ಹತ್ತುವ ಹೊತ್ತಿಗೆ ಕಣ್ಣು ಬಿಡುತ್ತದೆ. ಕೂರಲು ಜಾಗ ಹುಡುಕಬೇಡಿ. ಇಲ್ಲಿ ನಿಂತೇ ತಿನ್ನಬೇಕು, ತಿನ್ನುತ್ತಲೇ ಮುಂದಿನ ಅಂಗಡಿಗೆ ನಡೆಯಬೇಕು.

ಇಲ್ಲಿನ ಕೈಚಳಕ ನೋಡಬೇಕಿದ್ದರೆ ಒಬ್ಬಟ್ಟಿನ ಕಾವಲಿಯ ಎದುರು ನಿಲ್ಲಿ. ಕಣಕದೊಳಗೆ ಹೂರಣ ಮುಚ್ಚಿ, ಎಣ್ಣೆ ಸವರಿದ ಹಾಳೆಯ ಮೇಲೆ ಬೆರಳಲ್ಲೇ ತಟ್ಟಿ, ಹರಿಯದಂತೆ ಕಾವಲಿಗೆ ಮಗುಚುವುದು ಕ್ಷಣದ ಕೆಲಸ. ಮೇಲೊಂದು ಚಮಚ ತುಪ್ಪ. ಬೇಡ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

1953ರಿಂದ ಇರುವ ವಿ.ಬಿ. ಬೇಕರಿಯ ಖಾರ ಬನ್ನು, ಕಾಂಗ್ರೆಸ್ ಎಂದೇ ಕರೆಯುವ ಮಸಾಲೆ ಕಡಲೆಕಾಯಿ ಮನೆಗೆ ಕಟ್ಟಿಸಿಕೊಳ್ಳಲು. ಚಳಿಗಾಲದಲ್ಲಿ ಬಂದರೆ ಅವರೆಕಾಯಿಯದೇ ರಾಜ್ಯಭಾರ: ಹಿತಕಿದ ಬೇಳೆ ಸಾರು, ಅವರೆಬೇಳೆ ದೋಸೆ, ಉಪ್ಪಿಟ್ಟು. ಜಿಲೇಬಿಗೂ ಅವರೆ ಬೆರೆಸುವ ಉತ್ಸಾಹಿಗಳಿದ್ದಾರೆ.

ಕೊನೆಗೆ ಬೆಣ್ಣೆ ಗುಲ್ಕನ್, ಅದರ ಜೊತೆ ಐಸ್‌ಕ್ರೀಮು, ಹಣ್ಣಿನ ಚೂರು. ಕಡ್ಡಿಗೆ ಸುರುಳಿ ಸುತ್ತಿ ಕರಿದ ಆಲೂಗಡ್ಡೆಯನ್ನು ಮಾತ್ರ ಕಾಲೇಜು ಹುಡುಗರಿಗೆ ಬಿಟ್ಟುಬಿಡಿ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಕೊಡುವ ಬದಲು ಇನ್ನೊಂದು ಕಾಯಿ ಒಬ್ಬಟ್ಟು ತಿನ್ನಬಹುದು.