ಒಂದೇ ಶೈಲಿ, ಎರಡು ಅಧಿಕಾರ: ಹೈದರಾಬಾದಿನ ನವಶಾಸ್ತ್ರೀಯ ಶಿಲ್ಪ

ನವಶಾಸ್ತ್ರೀಯ ಕಲೆಯನ್ನು ಯುರೋಪಿನ ಜ್ಞಾನೋದಯಕ್ಕೂ ಫ್ರೆಂಚ್ ಕ್ರಾಂತಿಗೂ ನೇರವಾಗಿ ಜೋಡಿಸುವುದು ಕಲಾವಿಮರ್ಶೆಯ ರೂಢಿ. 1784ರಲ್ಲಿ ದಾವೀದ್ ಚಿತ್ರಿಸಿದ 'ಹೊರೇಷಿಯರ ಶಪಥ'ಕ್ಕೆ ಈ ಮಾತು ಸಲ್ಲಬಹುದು. ಅದೂ ಅರಸೊತ್ತಿಗೆಗಾಗಿ ರಚಿತವಾದ ಕೃತಿಯೆಂಬುದನ್ನು ಮಾತ್ರ ಮರೆಯಬಾರದು. ಹೈದರಾಬಾದಿನ ನಿದರ್ಶನಗಳು ಈ ಸಮೀಕರಣವನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ದಳಪತಿ ರೇಮಂಡ್ 1798ರ ಮಾರ್ಚಿನಲ್ಲಿ ತೀರಿಕೊಂಡನು. ಸರೂರನಗರದ ಬಳಿಯ ದಿಬ್ಬದ ಮೇಲೆ ಆತನ ಸಮಾಧಿಯನ್ನು ಸಾರುವುದು ನಿರಾಡಂಬರವಾದ ಒಂದು ಚೂಪುಗಂಬ. ಅದರ ಮೇಲೆ ಜೆ.ಆರ್. ಎಂಬ ಅಕ್ಷರಗಳು. ಆತನ ಪಡೆ ಫ್ರೆಂಚ್ ಗಣರಾಜ್ಯದ ಬಾವುಟವನ್ನು ಹೊತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಪಡೆಯನ್ನು ನಿಶ್ಶಸ್ತ್ರಗೊಳಿಸುವುದರಲ್ಲಿ ಪಾತ್ರ ವಹಿಸಿದ ಕರ್ಕ್‌ಪ್ಯಾಟ್ರಿಕ್, 1803ರಲ್ಲಿ ಕೋಠಿಯ ರೆಸಿಡೆನ್ಸಿಯನ್ನು ಕಟ್ಟಿಸತೊಡಗಿದಾಗ ಆಯ್ದುಕೊಂಡದ್ದೂ ಗ್ರೀಕ್-ರೋಮನ್ ನುಡಿಗಟ್ಟನ್ನೇ. ಎತ್ತರದ ಕೊರಿಂಥಿಯನ್ ಕಂಬಸಾಲು, ಅದರ ಮೇಲೆ ತ್ರಿಕೋನ ಮುಖಫಲಕ, ಫಲಕದೊಳಗೆ ಕಂಪನಿಯ ಲಾಂಛನ, ವೆಚ್ಚ ನಿಜಾಮನದು!

ಆದ್ದರಿಂದ ಆದರ್ಶವು ಶೈಲಿಯಲ್ಲೇ ಅಂತರ್ಗತವಾಗಿದೆಯೆಂಬ ವಾದವನ್ನು ನಾವು ಒಪ್ಪಲಾರೆವು. ಕಂಬವನ್ನು ಯಾರು, ಯಾರೆದುರು ನಿಲ್ಲಿಸಿದರೆಂಬುದನ್ನು ಮೊದಲು ಕೇಳಬೇಕು. ರೇಮಂಡನನ್ನು ಊರವರು ಮೂಸಾರಾಮನಾಗಿಸಿಕೊಂಡು, ಆತನ ಸಮಾಧಿಯಲ್ಲಿ ಉರುಸನ್ನೂ ನಡೆಸಿದರು. ಶೈಲಿಚರಿತ್ರೆಗಳು ಈ ಮೂರನೆಯ ಓದನ್ನು ಗಮನಿಸುವುದು ವಿರಳ.