ಪುರುಷೋತ್ತಮನೂ ಮಾರ್ಪಲ್ ಅಜ್ಜಿಯೂ

ಅಕ್ಕಿಪೇಟೆಯ ನಮ್ಮ ಗಲ್ಲಿಯಲ್ಲಿ ಮೂಟೆ ಇಳಿಸೋ ಗದ್ದಲದ ನಡುವೆ ನಮ್ಮಜ್ಜಿ ಓದುತ್ತಿದ್ದದ್ದು ಎರಡೇ: ಪಂಚಾಂಗ ಮತ್ತು ಎನ್. ನರಸಿಂಹಯ್ಯ. ಬಾಡಿಗೆ ಲೈಬ್ರರಿಯಿಂದ ತರೋ ಕೆಲಸ ನನ್ನದು. ಹಾಗಾಗಿ ನಾನೂ ಪತ್ತೇದಾರ ಪುರುಷೋತ್ತಮನ ಅಭಿಮಾನಿಯಾದೆ.

ಆಮೇಲೆ ಅಗಾಥಾ ಕ್ರಿಸ್ಟಿ ಸಿಕ್ಕಿದರು. 1930ರ 'ದಿ ಮರ್ಡರ್ ಅಟ್ ದಿ ವಿಕರೇಜ್' ಓದಿ ಪುರುಷೋತ್ತಮನ ಮೇಲೆ ಸಿಟ್ಟೇ ಬಂತು. ಮಿಸ್ ಮಾರ್ಪಲ್ ತೋಟದಲ್ಲಿ ಕೈಯಾಡಿಸುತ್ತಲೇ ಊರವರನ್ನೆಲ್ಲ ಗಮನಿಸ್ತಾಳೆ. ಅವಳು ಕಂಡ ಸುಳಿವು ನಮ್ಮ ಕಣ್ಣಿಗೂ ಬಿದ್ದಿರುತ್ತೆ. ನಮ್ಮ ಪುರುಷೋತ್ತಮನೋ, ಸುಳಿವನ್ನು ಜೇಬಿಗಿಳಿಸಿಕೊಂಡು ಕೊನೆಯಲ್ಲಿ ತೆಗೆದು ತೋರಿಸ್ತಾನೆ. ಮೋಸ ಅಲ್ವಾ ಅಂತ ಅಜ್ಜಿಯನ್ನು ಕೇಳಿದ್ದೆ. "ನಾನೇನು ಕಳ್ಳನ್ನ ಹಿಡಿಯೋಕೆ ಓದ್ತೀನೇನೋ? ಮುಂದೇನಾಯ್ತು ಅಂತ ಓದ್ತೀನಿ" ಅಂದರು.

ಅದು ಉತ್ತರ ಅಲ್ಲ ಅಂತ ಈಗಲೂ ವಾದಿಸ್ತೀನಿ. ಆದರೆ ಅಕ್ಷರ ಕೂಡಿಸಿ ಓದುತ್ತಿದ್ದ ಅಜ್ಜಿಯನ್ನು ಪುಟ ಬಿಡದೆ ಓದಿಸಿದ್ದು, ನಾಲ್ಕನೇ ಕ್ಲಾಸಿಗೇ ಓದು ನಿಲ್ಲಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮನುಷ್ಯ. ವಿಮರ್ಶೆಯ ಪುಸ್ತಕಗಳಲ್ಲಿ ಅವರ ಹೆಸರು ನನಗೆ ಸಿಕ್ಕಿದ್ದು ಅಪರೂಪ.

ಕಳೆದ ತಿಂಗಳು ಅವೆನ್ಯೂ ರಸ್ತೆಯಲ್ಲಿ ಒಂದು ಹಳೇ ಪ್ರತಿ ಸಿಕ್ತು. ಕೊನೆಯ ಎಂಟು ಪುಟ ಹರಿದುಹೋಗಿದೆ. ಆದರೂ ಕೊಂಡೆ. ಕೊಲೆಗಾರ ಯಾರು ಅಂತ ಹೇಳೋಕೆ ಈಗ ಅಜ್ಜಿಯೂ ಇಲ್ಲ.